ಬೆಳ್ಳಂದೂರು ಕೆರೆಗಿಳಿದ ವಿಮಾನಗಳು

ಪ್ರಶ್ನೆ: ನಮ್ಮ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ‘ಬೆಳ್ಳಂದೂರು ಕೆರೆ ಮೇಲೆ ವಿಮಾನ ಇಳೀತಿತ್ತು ಕಣೋ’ ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ನಿಜವಿರಬಹುದೇ?
– ಓದುಗರು, ಕಡೂರು

ಉತ್ತರ: ನಿಮ್ಮ ತಾತ ಬುರುಡೆ ಬಿಟ್ಟಿಲ್ಲ. ಇಳಿಯುತ್ತಿದ್ದದ್ದು ಕ್ಯಾಟಲೀನಾ ಎಂಬ ಅಮೆರಿಕದ ದೋಣಿವಿಮಾನ. ಹೊಟ್ಟೆ ದೋಣಿಯ ಆಕಾರ, 104 ಅಡಿ ಅಗಲದ ರೆಕ್ಕೆ, ರೆಕ್ಕೆಯ ಮೇಲೆ ಎರಡು ಎಂಜಿನ್. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಂದಿಗೆ ಸೇರಿ 1940ರ ಡಿಸೆಂಬರ್‌ನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಗೆ ಹೊಸ ವಿಮಾನ ತಯಾರಿಸುವುದಕ್ಕಿಂತ ಯುದ್ಧದ ವಿಮಾನಗಳ ರಿಪೇರಿಯೇ ದೊಡ್ಡ ಕೆಲಸವಾಯಿತು. 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನೆಯ ಕೈಗೆ ಹೋಯಿತು. ಕ್ಯಾಟಲೀನಾಗಳು ಅಲ್ಲಿಗೆ ಓವರ್‌ಹಾಲ್‌ಗೆ ಬರುತ್ತಿದ್ದವು. ಅವುಗಳಲ್ಲಿ ಹಲವಕ್ಕೆ ಗಾಲಿಯೇ ಇರಲಿಲ್ಲ, ಹಾಗಾಗಿ ರನ್‌ವೇ ಇದ್ದೂ ಉಪಯೋಗವಿಲ್ಲ. ಪಕ್ಕದ ಕೆರೆಯೇ ನಿಲ್ದಾಣವಾಯಿತು. ಅಂಥ ವಿಮಾನವನ್ನು ದಡಕ್ಕೆ ತರುವ ಕ್ರಮವೇ ಬೇರೆ: ಜನ ನೀರಿಗಿಳಿದು, ತೇಲುತ್ತಿರುವಾಗಲೇ ಎರಡೂ ಪಕ್ಕಕ್ಕೆ ಮತ್ತು ಬಾಲದ ಕೆಳಗೆ ತಾತ್ಕಾಲಿಕ ಗಾಲಿ ಕಟ್ಟಬೇಕು, ಆಮೇಲೆ ಟ್ರ್ಯಾಕ್ಟರ್ ಹಚ್ಚಿ ಎಳೆಯಬೇಕು. ಸಮುದ್ರದ ಉಪ್ಪುನೀರು ಅಲ್ಯೂಮಿನಿಯಂ ತಗಡನ್ನು ತಿನ್ನುತ್ತದೆ, ರಿವೆಟ್‌ಗಳ ಸಂದಿಯಲ್ಲಿ ನೀರು ಜಿನುಗುತ್ತದೆ. ಫಿಟ್ಟರುಗಳಿಗೆ ಬಿಡುವು ಎಲ್ಲಿಂದ ಬರಬೇಕು? ಈಚೆಗೆ ನೊರೆಗೂ ಬೆಂಕಿಗೂ ಸುದ್ದಿಯಾದದ್ದೂ ಇದೇ ಬೆಳ್ಳಂದೂರು ಕೆರೆ. ತಾತನ ಹಳೆಯ ಪಾಸು, ಫೋಟೊ ಏನಾದರೂ ಸಿಕ್ಕರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಕಾಗದ ಹಾಳಾಗುತ್ತದೆ.

ಪ್ರಶ್ನೆ: ಯುದ್ಧದ ಸಮಯದಲ್ಲಿ ಬ್ರಿಟಿಷರ ದೋಣಿವಿಮಾನ ಲಕ್ಕವಳ್ಳಿ ಹಿನ್ನೀರಿನಲ್ಲಿ ತಂಗಿತ್ತೆಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ.
– ಓದುಗರು, ತರೀಕೆರೆ

ಉತ್ತರ: ಸಾಧ್ಯವೇ ಇಲ್ಲ. ಯುದ್ಧ ಮುಗಿದದ್ದು 1945ರಲ್ಲಿ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1947ರಲ್ಲಿ. ಆಗ ಅಲ್ಲಿದ್ದದ್ದು ಕಾಡು ಮತ್ತು ಹೊಳೆ. ನಿಮ್ಮ ಕಡೆಯ ಅಯ್ಯನಕೆರೆ, ಮದಗದ ಕೆರೆಗಳೂ ಈ ಕೆಲಸಕ್ಕಾಗುವಂಥವಲ್ಲ. ನೀರಿದ್ದರೆ ಸಾಲದು, ಅಡೆತಡೆಯಿಲ್ಲದ ಉದ್ದನೆಯ ಓಟ, ಲಂಗರಿನ ತೇಲುಬುರುಡೆ, ಪೆಟ್ರೋಲ್ ದೋಣಿ, ವೈರ್‌ಲೆಸ್ ಎಲ್ಲವೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಸಮುದ್ರ ಹತ್ತಿರವಿರಬೇಕು. ಗಸ್ತಿನ ನೆಲೆಗಳಿದ್ದದ್ದು ಮದರಾಸಿನ ರೆಡ್ ಹಿಲ್ಸ್ ಕೆರೆ, ಕರಾಚಿಯ ಕೊರಂಗಿ, ಸಿಲೋನಿನ ಕೊಗ್ಗಲದಂಥ ಕಡೆ. ರೆಡ್ ಹಿಲ್ಸ್‌ನಲ್ಲಿ 1942ರಿಂದ ಬ್ರಿಟಿಷರ 240ನೇ ಸ್ಕ್ವಾಡ್ರನ್ ಇತ್ತು. ಬೆಂಗಳೂರು ರಿಪೇರಿಗೆ ಮಾತ್ರ.

ಪ್ರಶ್ನೆ: ಇಂಥ ಗಸ್ತು ಪಡೆಗಳು ಯುದ್ಧದಲ್ಲಿ ನಿಜಕ್ಕೂ ಮಾಡಿದ್ದೇನು? ಅವು ನೌಕಾಪಡೆಯವೋ, ವಾಯುಪಡೆಯವೋ?
– ಓದುಗರು, ಅಜ್ಜಂಪುರ

ಉತ್ತರ: ಅಮೆರಿಕದಲ್ಲಿ ಇವು ನೌಕಾಪಡೆಯವು, ಬ್ರಿಟನ್ನಿನಲ್ಲಿ ವಾಯುಪಡೆಯವು. ಗೊಂದಲ ಹುಟ್ಟುವುದೇ ಇಲ್ಲಿ. ಕೆಲಸ ಮಾತ್ರ ಎರಡೂ ಕಡೆ ಒಂದೇ: ನೋಡುತ್ತಾ ಹಾರುವುದು. ಗಂಟೆಗೆ ಸುಮಾರು 200 ಕಿ.ಮೀ. ವೇಗ, ಒಂದೇ ಹಾರಾಟದಲ್ಲಿ ಹಗಲು ರಾತ್ರಿ ಎರಡೂ ಕಳೆದುಹೋಗುತ್ತಿತ್ತು. ಒಳಗೆ ಮಲಗಲು ಮಂಚ, ಚಹಾ ಕಾಯಿಸಲು ಒಲೆ. ಹೆಚ್ಚಿನ ದಿನ ಕಾಣುತ್ತಿದ್ದದ್ದು ಬರೀ ನೀರು. ಯುದ್ಧದ ಕಥೆ ಹೇಳುವವರು ಈ ಬೇಸರವನ್ನು ಬಿಟ್ಟೇಬಿಡುತ್ತಾರೆ.

ಒಂದು ದಿನ ಮಾತ್ರ ಹಾಗಾಗಲಿಲ್ಲ. ಕೆನಡಾದ 413ನೇ ಸ್ಕ್ವಾಡ್ರನ್‌ನ ಲಿಯೊನಾರ್ಡ್ ಬರ್ಚಲ್ ಕೊಗ್ಗಲಕ್ಕೆ ಬಂದು ಎರಡೇ ದಿನವಾಗಿತ್ತು. 1942ರ ಏಪ್ರಿಲ್ 4ರಂದು, ಗಸ್ತು ಮುಗಿಯುವ ಹೊತ್ತಿಗೆ, ಸಿಲೋನಿನ ದಕ್ಷಿಣಕ್ಕೆ ನೂರಾರು ಕಿ.ಮೀ. ದೂರದಲ್ಲಿ ದಿಗಂತದ ಅಂಚಿಗೆ ಚುಕ್ಕೆಗಳು ಕಂಡವು. ಹತ್ತಿರ ಹೋದರೆ ಜಪಾನಿನ ವಿಮಾನವಾಹಕ ನೌಕೆಗಳ ದಂಡು! ಹಡಗುಗಳ ಎಣಿಕೆ, ದಿಕ್ಕು, ವೇಗಗಳನ್ನು ವೈರ್‌ಲೆಸ್‌ನಲ್ಲಿ ಕಳಿಸುತ್ತಿರುವಾಗಲೇ ಜಪಾನಿನ ಝೀರೊ ಫೈಟರ್ ವಿಮಾನಗಳು ಮೇಲೆ ಬಿದ್ದವು. ಬರ್ಚಲ್‌ನ ವಿಮಾನದಲ್ಲಿದ್ದ ಒಂಬತ್ತು ಜನರಲ್ಲಿ ಮೂವರು ಸತ್ತರು, ಆರು ಮಂದಿ ಯುದ್ಧ ಮುಗಿಯುವವರೆಗೆ ಜಪಾನಿನ ಸೆರೆಯಲ್ಲಿದ್ದರು. ಮರುದಿನ ಬೆಳಿಗ್ಗೆ ಕೊಲಂಬೊ ಮೇಲೆ ದಾಳಿಯಾಯಿತು. ಮುನ್ಸೂಚನೆ ಸಿಕ್ಕಿದ್ದರಿಂದ ಬಂದರಿನ ಎಷ್ಟೋ ಹಡಗುಗಳು ಹೊರಬಿದ್ದಿದ್ದವು. ಆದರೂ ಸಮುದ್ರದಲ್ಲಿ ಕಾರ್ನ್‌ವಾಲ್, ಡಾರ್ಸೆಟ್‌ಶೈರ್ ಎಂಬ ಎರಡು ಕ್ರೂಸರ್‌ಗಳು ಮುಳುಗಿದವು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೂ ಬಾಂಬು ಬಿತ್ತು. ಬರ್ಚಲ್‌ನನ್ನು ‘ಸಿಲೋನಿನ ರಕ್ಷಕ’ ಎಂದು ಕರೆದದ್ದು ಸ್ವಲ್ಪ ಅತಿಯೇ ಆಯಿತು. ಅವನು ದಾಳಿ ತಪ್ಪಿಸಲಿಲ್ಲ, ಎಚ್ಚರಿಸಿದ. ಗಸ್ತಿನವರ ಕೆಲಸ ಅಷ್ಟೇ, ಅದೇನು ಸಣ್ಣದಲ್ಲ.

ಆ ಯುದ್ಧದಲ್ಲಿ ಭಾರತದ ವಾಯುಪಡೆಗೆ ದೋಣಿವಿಮಾನಗಳಿರಲಿಲ್ಲ. ನಮ್ಮ ನೌಕಾಪಡೆಗೆ ಸಿಕ್ಕ ಮೊದಲ ವಿಮಾನಗಳು ಮಾತ್ರ ನೀರಿನ ಮೇಲೂ ನೆಲದ ಮೇಲೂ ಇಳಿಯುವಂಥವೇ: ಸೀಲ್ಯಾಂಡ್. ಅವು ಕೊಚ್ಚಿಗೆ ಬಂದದ್ದು 1953ರಲ್ಲಿ.