ಹಂಚಿದರೆ ಕರಗದ ಉಗ್ರಾಣ



ಒಂದು ಮೂಟೆ ಕಾಫಿ ಏಕಕಾಲಕ್ಕೆ ಮೂರು ಉಗ್ರಾಣಗಳಲ್ಲಿ ಇರಲಾರದು. ಆದರೆ ತಿಳಿವಳಿಕೆ ಇರಬಲ್ಲದು. ಇದನ್ನು ವಿಜ್ಞಾನಿಗಳು ಮಾಡಿ ತೋರಿಸಿ ದಶಕಗಳೇ ಕಳೆದಿವೆ.

ಪ್ರತಿಯೊಂದು ಜೀವಿಯ ವಂಶಗುಣಗಳು ಡಿ.ಎನ್.ಎ.ಯಲ್ಲಿ ನಾಲ್ಕೇ ಅಕ್ಷರಗಳ ಉದ್ದನೆಯ ಬರಹದಂತೆ ಅಡಕವಾಗಿವೆ. ಓದಿದ ಈ ಬರಹವನ್ನು ಕೂಡಿಡಲು 1980ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಒಂದು ಭಂಡಾರ ತೆರೆಯಿತು. 1982ರಲ್ಲಿ ಅಮೆರಿಕದ ಜೆನ್‌ಬ್ಯಾಂಕ್, ಅದೇ ದಶಕದಲ್ಲಿ ಜಪಾನಿನ ಮಿಶಿಮಾದ ಭಂಡಾರ ಹುಟ್ಟಿದವು. ಮೂವರೂ ಪೈಪೋಟಿಗೆ ಇಳಿಯದೆ ಒಪ್ಪಂದಕ್ಕೆ ಬಂದರು. ಎಲ್ಲರದೂ ಒಂದೇ ನಮೂನೆ. ಒಂದು ದಾಖಲೆಗೆ ಮೂರು ಕಡೆಯೂ ಒಂದೇ ಗುರುತುಸಂಖ್ಯೆ. ಹೊಸದಾಗಿ ಬಂದದ್ದರ ದೈನಂದಿನ ವಿನಿಮಯ. ಎಲ್ಲಿ ಒಪ್ಪಿಸಿದರೂ ಎಲ್ಲ ಕಡೆ ಸಿಗುತ್ತದೆ, ಶುಲ್ಕವಿಲ್ಲ. ಗುರುತುಸಂಖ್ಯೆ ಇಲ್ಲದ ಲೇಖನವನ್ನು ಅಚ್ಚು ಹಾಕುವುದಿಲ್ಲವೆಂದು ವಿಜ್ಞಾನ ಪತ್ರಿಕೆಗಳು ಪಟ್ಟು ಹಿಡಿದದ್ದರಿಂದ ಒಪ್ಪಿಸುವ ರೂಢಿ ಬಲವಾಯಿತು. ನಮ್ಮ ದೇಶದಲ್ಲೂ 2022ರಲ್ಲಿ ಫರೀದಾಬಾದಿನಲ್ಲಿ ಇಂಥ ರಾಷ್ಟ್ರೀಯ ಭಂಡಾರ ಆರಂಭವಾಗಿದೆ.

ಇದರಿಂದ ನಮಗೇನು? 2014ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ರೊಬಸ್ಟಾ ಗಿಡದ ಬರಹವನ್ನು ಪ್ರಕಟಿಸಿದರು. ಅದರಲ್ಲಿ ಸುಮಾರು 25,500 ಜೀನುಗಳಿವೆ. ಅದು ಎಲ್ಲರಿಗೂ ತೆರೆದಿರುವುದರಿಂದ, ತುಕ್ಕು ರೋಗ ತಡೆಯುವ ಗುಣವನ್ನು ಹುಡುಕುವವರು ಮೊದಲಿನಿಂದ ಶುರು ಮಾಡಬೇಕಿಲ್ಲ.

ಆದರೆ ಕೂಡಿಟ್ಟ ಮಾತ್ರಕ್ಕೆ ಉಪಯೋಗವಾಗದು. ಯಾವ ತಳಿ, ಯಾವ ಊರು, ಯಾವ ದಿನ ಎಂಬ ವಿವರವಿಲ್ಲದ ದಾಖಲೆ ಚೀಟಿಯಿಲ್ಲದ ಬೀಜದಂತೆ. ಈ ಪಾಠವನ್ನು ನಾವು ಮನೆಯಲ್ಲೇ ಕಲಿತೆವು. ಕೊಳೆರೋಗ ಯಾವ ಮಳೆಗೆ ಮೊದಲು ಕಾಣಿಸಿತೆಂದು ನೋಡಲು ಹನ್ನೊಂದು ತೋಟಗಳ ಮಳೆ ಪುಸ್ತಕ ತರಿಸಿದೆವು. ಕೆಲವು ಇಂಚು-ಸೆಂಟು, ಕೆಲವು ಮಿಲಿಮೀಟರ್. ಬೆಳಗಿನ ಅಳತೆಯನ್ನು ಒಬ್ಬರು ಅಂದಿಗೆ, ಇನ್ನೊಬ್ಬರು ಹಿಂದಿನ ದಿನಕ್ಕೆ ಬರೆದಿದ್ದರು. ಬೋರ್ಡೋ ಹೊಡೆದ ದಿನಾಂಕ ನಾಲ್ಕರಲ್ಲಿ ಮಾತ್ರ ಇತ್ತು. ನಮ್ಮದೇ ಪುಸ್ತಕದಲ್ಲೂ ಇರಲಿಲ್ಲ! ಇಂಚನ್ನು 25.4ರಿಂದ ಗುಣಿಸಿ ಸರಿಪಡಿಸಬಹುದು. ಬರೆಯದ ದಿನಾಂಕವನ್ನು ಯಾರೂ ತರಲಾರರು. ಏಳು ತೋಟಗಳ ಅನುಭವ ಹಾಗೆ ವ್ಯರ್ಥವಾಯಿತು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ:

1. ಮಳೆಯನ್ನು ಬೆಳಿಗ್ಗೆ 8-30ಕ್ಕೆ ಅಳೆದು, ಅದೇ ದಿನಾಂಕಕ್ಕೆ, ಮಿಲಿಮೀಟರಿನಲ್ಲಿ ಬರೆಯಿರಿ.

2. ಔಷಧಿ ಹೊಡೆದ ದಿನ, ರೋಗ ಮೊದಲು ಕಂಡ ದಿನ, ತೋಟದ ಯಾವ ಭಾಗ ಎಂಬುದನ್ನು ಅಂದೇ ನಮೂದಿಸಿರಿ.

3. ತಿಂಗಳಿಗೊಂದು ನಕಲನ್ನು ಸಂಘಕ್ಕೆ ಕೊಡಿರಿ. ಮೂಲ ಪುಸ್ತಕ ನಿಮ್ಮಲ್ಲೇ ಇರಲಿ.

ನಮೂನೆಗಳು ಸಂಘದ ಕಛೇರಿಯಲ್ಲಿ ದೊರೆಯುತ್ತವೆ. ಬರುವ ಹೂಮಳೆಯಿಂದಲೇ ಆರಂಭಿಸೋಣ.