ಹಿಡಿತ ಮತ್ತು ತೀರ್ಪು: ರಗ್ಬಿ ಲೀಗಿನ ಕೆಲವು ವಿವಾದಗಳು

ಶಾಲೆಯ ಅಂಗಳದಲ್ಲಿ ಕಬಡ್ಡಿಯಾಡುವಾಗ ಜಗಳವಾಡದವರು ನಮ್ಮಲ್ಲಿ ಯಾರಿದ್ದಾರೆ? “ಉಸಿರು ಬಿಟ್ಟ” ಎಂದು ಒಂದು ಪಕ್ಷ ಕೂಗಿದರೆ, “ಅದಕ್ಕೂ ಮೊದಲೇ ಗೆರೆ ಮುಟ್ಟಿದ” ಎಂದು ಇನ್ನೊಂದು ಪಕ್ಷ ವಾದಿಸುತ್ತದೆ. ತರಗತಿಯ ಗಂಟೆ ಬಾರಿಸಿದ ಮೇಲೆಯೇ ಆ ವಿವಾದಕ್ಕೆ ವಿರಾಮ. ಅಂಥ ಜಗಳವೇ ಎಂಬತ್ತು ಸಾವಿರಕ್ಕೂ ಮಿಕ್ಕ ಪ್ರೇಕ್ಷಕರ ಕಣ್ಣೆದುರಿನಲ್ಲಿ, ಆಟವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡವರ ನಡುವೆ ಹುಟ್ಟಿದರೆ ಅದರ ತೂಕವೆಷ್ಟೆಂಬುದನ್ನು ರಗ್ಬಿ ಲೀಗ್ ಎಂಬ ಆಟದ ಮೂಲಕ ನೋಡೋಣ.

ರಗ್ಬಿ ಎಂಬ ಹೆಸರಿನ ಆಟಗಳು ಎರಡು. ಅವು ಕವಲೊಡೆದುದು 1895ರ ಆಗಸ್ಟ್ 29ರಂದು, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ. ಉತ್ತರ ಇಂಗ್ಲೆಂಡಿನ ಗಣಿ ಗಿರಣಿಗಳ ಕೆಲಸಗಾರರು ಆಟಕ್ಕಾಗಿ ಕೆಲಸ ತಪ್ಪಿಸಿದರೆ ಕೂಲಿ ಹೋಗುತ್ತಿತ್ತು. ಆ ನಷ್ಟವನ್ನು ತುಂಬಿಕೊಡಬೇಕೆಂದು ಅಲ್ಲಿನ ಕ್ಲಬ್ಬುಗಳು ಕೇಳಿದುವು; ಆಟಕ್ಕೆ ಹಣ ಮುಟ್ಟಕೂಡದೆಂದು ಮೂಲ ಸಂಘವು ಹಟ ಹಿಡಿಯಿತು. ಹೀಗೆ ಕೂಲಿಯ ಪ್ರಶ್ನೆಯಿಂದ ಹುಟ್ಟಿದ ಲೀಗ್ ಆಟವು ಇಂದು ಆಸ್ಟ್ರೇಲಿಯದ ಸಿಡ್ನಿ, ಬ್ರಿಸ್ಬೇನ್ ನಗರಗಳಲ್ಲಿ ಬಹು ಜನಪ್ರಿಯವಾಗಿದೆ.

ತಂಡಕ್ಕೆ ಹದಿಮೂವರು; ಆಟದ ಅವಧಿ ಎಂಬತ್ತು ನಿಮಿಷ. ಚೆಂಡನ್ನು ಅಪ್ಪಿಕೊಂಡು ಓಡುವವನನ್ನು ಎದುರಾಳಿಗಳು ಹಿಡಿದು ನೆಲಕ್ಕೆ ಕೆಡವುತ್ತಾರೆ. ಇದಕ್ಕೆ ಟ್ಯಾಕಲ್ ಎಂದು ಹೆಸರು, ನಾವು ಹಿಡಿತವೆನ್ನೋಣ. ಕಬಡ್ಡಿಯಲ್ಲಿ ಸಿಕ್ಕಿಬಿದ್ದವನು ಹೊರಗೆ ಹೋಗುತ್ತಾನೆ. ಇಲ್ಲಿ ಅವನು ಎದ್ದುನಿಂತು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಾನೆ, ಆಟ ಮುಂದುವರಿಯುತ್ತದೆ. ಮೊದಲು ಇದಕ್ಕೆ ಮಿತಿಯೇ ಇರಲಿಲ್ಲ. 1966ರಲ್ಲಿ ನಾಲ್ಕು ಹಿಡಿತಗಳ ಮಿತಿ ಬಂದಿತು, ಕೆಲವೇ ವರ್ಷಗಳಲ್ಲಿ ಅದು ಆರಾಯಿತು. ಆರನೆಯ ಹಿಡಿತವಾದೊಡನೆ ಚೆಂಡು ಎದುರು ತಂಡಕ್ಕೆ. ಆದಕಾರಣ ಐದು ಮುಗಿದ ಮೇಲೆ ಆಟಗಾರರು ಸಾಮಾನ್ಯವಾಗಿ ಚೆಂಡನ್ನು ಒದ್ದುಬಿಡುತ್ತಾರೆ. ಎದುರು ತಂಡದವರು ಚೆಂಡಿಗೆ ಕೈಯಿಕ್ಕಿದರೆ ಎಣಿಕೆ ಮರಳಿ ಮೊದಲಿನಿಂದ ಆರಂಭವಾಗುವುದು. ಅದನ್ನು ತಿಳಿಸಲು ರೆಫರಿಯು ತಲೆಯ ಮೇಲೆ ಕೈಯೆತ್ತಿ ಬೀಸುವನು. ಈ ಸನ್ನೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಮೊದಲು ಹಿಡಿತದ ವಿಚಾರ. 2014ರ ಮಾರ್ಚ್ 24ರಂದು ಮೆಲ್ಬರ್ನಿನಲ್ಲಿ ನಡೆದ ಪಂದ್ಯದಲ್ಲಿ ನ್ಯೂಕ್ಯಾಸಲ್ ನೈಟ್ಸ್ ತಂಡದ ಅಲೆಕ್ಸ್ ಮೆಕಿನನ್ ಎಂಬ ಇಪ್ಪತ್ತೆರಡರ ತರುಣನನ್ನು ಮೆಲ್ಬರ್ನ್ ಸ್ಟಾರ್ಮ್ ತಂಡದ ಮೂವರು ಹಿಡಿದರು. ಅವನ ಕಾಲು ಮೇಲೆದ್ದು ತಲೆ ಕೆಳಗಾಯಿತು. ಕುತ್ತಿಗೆಯ ಮೂಳೆ ಮುರಿಯಿತು. ಅವನು ಮತ್ತೆ ಆಡಲಿಲ್ಲ; ಗಾಲಿಕುರ್ಚಿಯೇ ಅವನ ಆಸರೆಯಾಯಿತು. ಹಿಡಿದವರಲ್ಲಿ ಜೋರ್ಡನ್ ಮೆಕ್ಲೀನ್ ಎಂಬವನಿಗೆ ಏಳು ಪಂದ್ಯಗಳ ನಿಷೇಧವಾಯಿತು. ಏಳೇ ಎಂದು ಕೆಲವರು ಕೆರಳಿದರು. ಬಿದ್ದವನು ತಾನೇ ತಲೆ ಬಗ್ಗಿಸಿದ್ದರಿಂದ ಹೀಗಾಯಿತೆಂದು ಕೆಲವರು ವಾದಿಸಿದರು. ಆ ಎರಡನೆಯ ವಾದವನ್ನು ಮೆಲ್ಬರ್ನ್ ತಂಡದ ನಾಯಕನು ಮೈದಾನದಲ್ಲಿಯೇ ರೆಫರಿಯ ಮುಂದೆ ಹೂಡಿದ್ದನೆಂಬುದು ಮುಂದೆ ಬಹಳ ಟೀಕೆಗೆ ಗುರಿಯಾಯಿತು.

ಇಲ್ಲಿ ನಿಂತು ಯೋಚಿಸಬೇಕಾದ ಪ್ರಶ್ನೆ ಒಂದಿದೆ. ಶಿಕ್ಷೆಯನ್ನು ಅಳೆಯಬೇಕಾದುದು ಆದ ಗಾಯದಿಂದಲೋ, ಮಾಡಿದ ಕೃತ್ಯದಿಂದಲೋ? ಅದೇ ರೀತಿ ಎತ್ತಿ ಕೆಡವಲ್ಪಟ್ಟ ಇನ್ನೊಬ್ಬನು ಮೈ ಕೊಡವಿಕೊಂಡು ಎದ್ದಿದ್ದರೆ, ಜನರು ಅದನ್ನು ಮರುದಿನವೇ ಮರೆಯುತ್ತಿದ್ದರು. ನಮ್ಮ ಅಭಿಪ್ರಾಯದಲ್ಲಿ ಕೃತ್ಯವೇ ಅಳತೆಗೋಲಾಗಬೇಕು. ಆದರೆ ಹಾಗೆಂದೊಪ್ಪಿದವರು, ಯಾರಿಗೂ ಪೆಟ್ಟಾಗದ ದಿನವೂ ಅದೇ ಕೃತ್ಯವನ್ನು ಅಷ್ಟೇ ಕಠಿಣವಾಗಿ ದಂಡಿಸಲು ಸಿದ್ಧರಿರಬೇಕು. ಕಷ್ಟವಿರುವುದು ಇಲ್ಲಿಯೇ. ಆಸ್ಟ್ರೇಲಿಯದಲ್ಲಿ 2013ರಿಂದ ಭುಜದಿಂದ ಗುದ್ದಿ ಕೆಡಹುವುದನ್ನು ನಿಷೇಧಿಸಿದರು; 2021ರ ಮೇ ತಿಂಗಳಲ್ಲಿ ತಲೆಗೆ ತಾಗುವ ಹಿಡಿತಗಳ ಮೇಲೆ ರೆಫರಿಗಳು ಬಿಗಿಮಾಡಿ ಹಲವರನ್ನು ಹೊರಗೆ ಕಳುಹಿಸಿದರು. ಆಗ ಎದ್ದ ಕೂಗು, ಆಟ ಮೆತ್ತಗಾಯಿತೆಂದು! 1970ರ ಅಂತಿಮ ಪಂದ್ಯದಲ್ಲಿ ಜಾನ್ ಸ್ಯಾಟ್ಲರ್ ಎಂಬ ನಾಯಕನು ದವಡೆ ಮುರಿದಿದ್ದರೂ ಕೊನೆಯವರೆಗೆ ಆಡಿ ತನ್ನ ತಂಡವನ್ನು ಗೆಲ್ಲಿಸಿದುದನ್ನು ಜನರು ಇಂದಿಗೂ ಕೊಂಡಾಡುತ್ತಾರೆ. ಅವನ ಧೈರ್ಯವನ್ನು ನಾವೂ ಮೆಚ್ಚುತ್ತೇವೆ. ಆ ಗುದ್ದನ್ನು ಮೆಚ್ಚಲಾರೆವು.

ಇನ್ನು ತೀರ್ಪಿನ ವಿಚಾರ. ಎಣಿಕೆ ತಪ್ಪುವುದೂ ಉಂಟು. 2013ರ ಸೆಪ್ಟೆಂಬರಿನಲ್ಲಿ, ಸೋತವರು ಮನೆಗೆ ಹೋಗಬೇಕಾದ ಪಂದ್ಯವೊಂದರಲ್ಲಿ, ಕ್ರೊನಲ್ಲಾ ತಂಡವು ಏಳನೆಯ ಸರದಿಯಲ್ಲಿ ಚೆಂಡನ್ನು ಗೆರೆಯಾಚೆ ಊರಿ ನಾಲ್ಕು ಅಂಕ ಗಳಿಸಿತು. ರೆಫರಿಗಳಿಗೆ ಅದು ತಿಳಿಯಲೇ ಇಲ್ಲ. ಪಂದ್ಯ ಮುಗಿದಾಗ ಅಂಕ 20-18, ಗೆದ್ದುದು ಕ್ರೊನಲ್ಲಾ. ಆರರವರೆಗೆ ಎಣಿಸಲು ಬಾರದೇ ಎಂದು ನಮ್ಮ ಒಂದನೆಯ ತರಗತಿಯ ಮಕ್ಕಳೂ ನಕ್ಕಾರು. ಆದರೆ ಇಪ್ಪತ್ತಾರು ಮಂದಿಯ ಓಟ, ಬೀಳು, ಕೂಗಾಟಗಳ ನಡುವೆ ಎಣಿಸಿ ನೋಡಿದವರಿಗೇ ಅದರ ಕಷ್ಟ ಗೊತ್ತು.

ಇದಕ್ಕಿಂತ ಸೂಕ್ಷ್ಮವಾದುದು 2019ರ ಅಕ್ಟೋಬರ್ 6ರಂದು ಸಿಡ್ನಿಯಲ್ಲಿ ನಡೆದ ಅಂತಿಮ ಪಂದ್ಯದ ಪ್ರಸಂಗ. ಸಿಡ್ನಿ ರೂಸ್ಟರ್ಸ್ ತಂಡಕ್ಕೆ ಎದುರಾಗಿ ಕ್ಯಾನ್‌ಬೆರಾ ರೈಡರ್ಸ್. 1994ರ ತರುವಾಯ ಕ್ಯಾನ್‌ಬೆರಾ ಪ್ರಶಸ್ತಿಯನ್ನು ಕಂಡಿರಲಿಲ್ಲ. ಹತ್ತು ನಿಮಿಷವೂ ಉಳಿದಿರಲಿಲ್ಲ, ಅಂಕ 8-8. ಕ್ಯಾನ್‌ಬೆರಾದವರು ಮೇಲಕ್ಕೊದ್ದ ಚೆಂಡಿಗಾಗಿ ಎರಡೂ ಕಡೆಯವರು ನೆಗೆದರು. ಚೆಂಡು ಮರಳಿ ಕ್ಯಾನ್‌ಬೆರಾದವರಿಗೇ ದೊರೆಯಿತು. ರೂಸ್ಟರ್ಸ್ ಆಟಗಾರನ ಕೈ ತಾಗಿತೆಂದು ಭಾವಿಸಿ ರೆಫರಿ ಬೆನ್ ಕಮಿನ್ಸ್ ಕೈಯೆತ್ತಿ ಬೀಸಿದರು: ಮತ್ತೆ ಆರು! ಮರುಗಳಿಗೆಯಲ್ಲೇ ತೀರ್ಪು ಬದಲಾಯಿತು. ಇದೇ ಕೊನೆಯ ಹಿಡಿತವೆಂದು ಅವರು ಕೂಗಿದರು. ಆದರೆ ಚೆಂಡು ಹಿಡಿದಿದ್ದ ಜ್ಯಾಕ್ ವೈಟನ್ ಸನ್ನೆಯನ್ನು ನಂಬಿದ್ದನು. ಇನ್ನೂ ಅವಕಾಶಗಳಿವೆಯೆಂದುಕೊಂಡು ಅವನು ಚೆಂಡನ್ನು ಒದೆಯಲಿಲ್ಲ, ಹಿಡಿತಕ್ಕೆ ಸಿಕ್ಕಿದನು. ಚೆಂಡು ರೂಸ್ಟರ್ಸ್‌ಗೆ ಹೋಯಿತು. ಅವರು ಕೂಡಲೇ ಮೈದಾನದ ಉದ್ದಕ್ಕೂ ನುಗ್ಗಿ ಅಂಕ ಗಳಿಸಿ 14-8ರಿಂದ ಗೆದ್ದರು.

ಕೊನೆಯ ತೀರ್ಪೇ ನಿಯಮಕ್ಕೆ ಸರಿಯೆಂದು ಲೀಗಿನ ಅಧಿಕಾರಿಗಳು ಹೇಳಿದರು. ಇರಬಹುದು. ಆದರೆ ಹಿಡಿತವನ್ನು ಅದರ ಫಲದಿಂದ ಅಳೆಯಬಾರದೆಂದು ಈಗತಾನೆ ಹೇಳಿದ ನಾವು, ತೀರ್ಪನ್ನೂ ಫಲದಿಂದಲೇ ಅಳೆದು ಸುಮ್ಮನಾಗಲು ಬಾರದು. ರೆಫರಿಯ ಕೈಸನ್ನೆ ಬರಿಯ ಅಲಂಕಾರವಲ್ಲ. ಓಡುತ್ತಿರುವವನಿಗೆ ಅದೇ ಕಾನೂನು. ಅದನ್ನು ತೋರಿಸಿದ ಮೇಲೆ ಹಿಂದಕ್ಕೆ ಪಡೆಯಬೇಕಾದರೆ ಆಟವನ್ನು ನಿಲ್ಲಿಸಿ ಎಲ್ಲರಿಗೂ ತಿಳಿಸುವುದು ನ್ಯಾಯವಾಗಿತ್ತು. ಹಾಗೆಂದು ಆ ರೆಫರಿಯನ್ನು ಹಳಿಯುವುದಕ್ಕೂ ನಮಗೆ ಮನಸ್ಸಿಲ್ಲ. ತಪ್ಪೆಂದು ತಿಳಿದೂ ಮೊದಲ ಮಾತಿಗೇ ಅಂಟಿಕೊಂಡಿದ್ದರೆ ಆತನಿಗೆ ಸುಲಭವಾಗುತ್ತಿತ್ತು.

ಅಂದು ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕ್ಲೈವ್ ಚರ್ಚಿಲ್ ಪದಕವು ಗೆದ್ದ ತಂಡಕ್ಕೆ ಹೋಗಲಿಲ್ಲ. ಸೋತ ತಂಡದ ಜ್ಯಾಕ್ ವೈಟನ್ನನ ಹೆಸರನ್ನು ಕರೆದರು.