ಬಿಳಿ ಸಮವಸ್ತ್ರಕ್ಕಿಂತ ಮೊದಲು ಕೈ

ನರ್ಸಿಂಗ್ ಡ್ಯೂಟಿಯ ತಯಾರಿ ಶುರುವಾಗುವುದು ಮನೆಯಲ್ಲೇ. ಉಗುರು ಬೆರಳ ತುದಿ ದಾಟಿರಬಾರದು; ನೇಲ್ ಪಾಲಿಶ್, ಅಂಟಿಸುವ ಉಗುರು ಬೇಡವೇ ಬೇಡ. ಕೂದಲು ಗಟ್ಟಿಯಾಗಿ ಕಟ್ಟಿರಲಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ನಡುವೆ ಬಸ್ಸಿನಲ್ಲಿ ಓಡಾಡುವವರು ಸಮವಸ್ತ್ರವನ್ನು ಚೀಲದಲ್ಲಿ ಒಯ್ದು ಆಸ್ಪತ್ರೆಯಲ್ಲೇ ತೊಡುವುದು ಒಳ್ಳೆಯದು. ಡ್ಯೂಟಿ ಮುಗಿದ ಮೇಲೆ ಅಲ್ಲೇ ಬಿಚ್ಚಿ, ಮನೆಯಲ್ಲಿ ಬೇರೆ ಬಟ್ಟೆಗಳ ಜೊತೆ ಸೇರಿಸದೆ ಬಿಸಿನೀರಿನಲ್ಲಿ ಒಗೆಯಬೇಕು.

ಬಳೆಯ ಮಾತು ಸೂಕ್ಷ್ಮ. ಮುತ್ತೈದೆಯ ಕೈ ಬರಿದಾಗಿರಬಾರದೆಂಬ ನಂಬಿಕೆ ಈ ಕಡೆ ಗಟ್ಟಿಯಾಗಿದೆ. ಆದರೆ ಬಳೆ, ಉಂಗುರಗಳ ಅಡಿಯಲ್ಲಿ ಕೊಳೆ ಉಳಿಯುತ್ತದೆ, ಸೋಪು ಸರಿಯಾಗಿ ತಾಗುವುದಿಲ್ಲ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ 2007ರಲ್ಲಿ ಬಂದ ಸೂಚನೆ, ಸಾದಾ ಮದುವೆಯ ಉಂಗುರವೊಂದನ್ನು ಬಿಟ್ಟು, ಮೊಣಕೈ ಕೆಳಗೆ ಆಭರಣ, ವಾಚು, ಉದ್ದ ತೋಳು ಯಾವುದೂ ಬೇಡ ಎಂದಿತು. ತಾಳಿ ಬಟ್ಟೆಯೊಳಗೆ ಇರಲಿ. ಬಳೆ ಡ್ಯೂಟಿ ಮುಗಿಯುವವರೆಗೆ ಪರ್ಸಿನಲ್ಲಿರಲಿ. ಹಿರಿಯ ಸಿಸ್ಟರ್‌ಗಳೇ ಮೊದಲು ತೆಗೆದಿಟ್ಟರೆ, ಹೊಸಬರಿಗೆ ಅತ್ತೆ-ಮಾವನ ಮುಂದೆ ಹೇಳಲು ಧೈರ್ಯ ಬರುತ್ತದೆ.

ಇನ್ನು ಕೈ ಶುಚಿಗೊಳಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಐದು ಸಂದರ್ಭಗಳನ್ನು ಹೇಳುತ್ತದೆ: ರೋಗಿಯನ್ನು ಮುಟ್ಟುವ ಮೊದಲು, ಡ್ರೆಸ್ಸಿಂಗ್‌ನಂಥ ಕೆಲಸಕ್ಕೆ ಮೊದಲು, ರಕ್ತ ಅಥವಾ ದೇಹದ್ರವ ತಾಗಿರಬಹುದಾದಾಗ, ರೋಗಿಯನ್ನು ಮುಟ್ಟಿದ ಮೇಲೆ, ಮಂಚದ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಸ್ಯಾನಿಟೈಸರ್ ಆದರೆ 20–30 ಸೆಕೆಂಡ್; ಸೋಪು-ನೀರಾದರೆ 40–60 ಸೆಕೆಂಡ್. ಗ್ಲೌಸ್ ಹಾಕಿದರೂ ಕೈ ತೊಳೆಯುವುದು ತಪ್ಪುವುದಿಲ್ಲ.

ಬ್ಯಾಡಗಿಯಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸೊಬ್ಬಳು ಅದೇ ಕೈಯಿಂದ ಕಣ್ಣು ತಿಕ್ಕಿಕೊಂಡು ಬಂದಳೆನ್ನಿ. ಖಾರದ ಅಂಶ ಬರಿ ನೀರಿನಲ್ಲಿ ಕರಗುವುದಿಲ್ಲ. ಮೊದಲು ಆಕೆಯ ಕೈಗಳನ್ನು ಸೋಪಿನಿಂದ ತೊಳೆಸಿ, ತಮ್ಮ ಗ್ಲೌಸ್ ಬದಲಿಸಿ, ಆಮೇಲೆ ಕಣ್ಣಿಗೆ ಶುದ್ಧ ನೀರನ್ನು ಧಾರಾಳವಾಗಿ ಹರಿಸಬೇಕು. “ಯವ್ವಾ, ಕಣ್ಣು ತಿಕ್ಕೋಬ್ಯಾಡ್ರಿ, ಈಗ ನೀರು ಹಾಕ್ತೀನಿ, ಸ್ವಲ್ಪ ಉರೀತೈತಿ” ಎಂದು ಮೊದಲೇ ಹೇಳಿದರೆ ಆಕೆ ಬೆಚ್ಚುವುದಿಲ್ಲ. ಏನು ಮಾಡುತ್ತೇವೆಂದು ಹೇಳಿಯೇ ಮುಟ್ಟುವುದು, ಪರದೆ ಎಳೆದೇ ಬಟ್ಟೆ ಸರಿಸುವುದು, “ಏ ಮೂರನೇ ಬೆಡ್” ಎನ್ನದೆ ಹೆಸರು ಹಿಡಿದು ಮಾತಾಡಿಸುವುದು ಇದರಷ್ಟೇ ಮುಖ್ಯ.

ಸಣ್ಣ ಊರಿನಲ್ಲಿ ಎಲ್ಲರೂ ಪರಿಚಯದವರೇ. ಹಾಗಾಗಿ ಬಾಯಿ ಬಿಗಿಹಿಡಿಯುವುದೇ ಇಲ್ಲಿ ಕಷ್ಟದ ಹೆಜ್ಜೆ. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆ ಗೋಪ್ಯತೆಯನ್ನು ಕಡ್ಡಾಯ ಮಾಡಿದೆ. ವಾರ್ಡಿನ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹೋಗಬಾರದು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನಿಲ್ಲಿಸಿ, “ಅಕ್ಕಾರ, ಆಕಿಗೆ ಏನಾಗೈತ್ರಿ?” ಎಂದು ಕೇಳಿದರೆ, “ಅವರ ಮನ್ಯಾಗ ಕೇಳ್ರಿ” ಎಂದಷ್ಟೇ ಹೇಳಿ ಬಸ್ ಹತ್ತಬೇಕು.